ಸಣ್ಣೀರಿ ಬಳಿದ ಗೋಡೆ

ಬಹಳ ಕಾಲದ ಹಿಂದೆ, ಮೋಡಗಳು ದಣಿದಾಗ ಇಳಿದು ಕೂರುತ್ತಿದ್ದ ಹಾಲುಗಿರಿ ಎಂಬ ರಾಜ್ಯವಿತ್ತು. ಅಲ್ಲಿನ ಅರಮನೆ ಎಷ್ಟು ದೊಡ್ಡದೆಂದರೆ, ಈ ಕೋಣೆಯಲ್ಲಿ ಕೆಮ್ಮಿದ್ದು ಆ ಕೋಣೆಗೆ ಕೇಳುವಷ್ಟರಲ್ಲಿ ಕೆಮ್ಮಿದವನ ನೆಗಡಿ ವಾಸಿಯಾಗಿರುತ್ತಿತ್ತು.

ಅಂತಃಪುರದ ಗೋಡೆಯೊಳಗೆ ಮಚ್ಚೆರಾಯನೆಂಬ ಮಾಂತ್ರಿಕ ಸೇರಿಕೊಂಡಿದ್ದ. ಬಣ್ಣದಲ್ಲಿ ಎಲ್ಲಿ ಮಚ್ಚೆಯೋ ಅಲ್ಲೇ ಅವನ ಮನೆ. ಬಳಿಯಲು ಬಂದ ಏಳು ಬಣ್ಣಗಾರರನ್ನೂ ಒಳಗೆಳೆದುಕೊಂಡಿದ್ದ. ಏಳನೆಯವನು ಸಣ್ಣೀರಿಯ ಅಪ್ಪ. ಸಣ್ಣೀರಿ ಅಪ್ಪನ ಕುಂಚ ಹಿಡಿದು ಬಂದಳು. ರಾಜನ ಆಳುಗಳು ಹಳೇ ಗಾರೆ ಕೆತ್ತಿ ಹೊಸದು ಮೆತ್ತಿದ್ದರು.

"ಮೂರನೇ ದಿನ ಹೊತ್ತು ಮುಳುಗುವುದರೊಳಗೆ ಗೋಡೆ ಮಚ್ಚೆಯಿಲ್ಲದೆ ಒಂದೇ ಸಮ ಆದರೆ ನಿನ್ನಪ್ಪ ನಿನಗೆ. ಇಲ್ಲವಾದರೆ ನೀನೂ ನನಗೆ" ಎಂದ ಮಚ್ಚೆರಾಯ, ಗೋಡೆಯೊಳಗಿಂದ.

ಮೊದಲ ದಿನ ಅವಳು ಗೋಡೆಗೆ ಕೆನ್ನೆಯಿಟ್ಟು ಕೂತಳು. ಬಾಲವೇ ಕುಂಚವಾಗಿದ್ದ ಅರಮನೆಯ ಆನೆ ಬಂತು. "ಒಂದೇ ಬೀಸಿಗೆ ಬಳಿದುಕೊಡಲೇ?"

"ಗಾರೆ ಇನ್ನೂ ತಣ್ಣಗಿದೆ ಕಣಪ್ಪ. ಹಸಿ ಮೇಲೆ ಬಳಿದರೆ ಸಿಪ್ಪೆ ಏಳುತ್ತೆ. ನೀನು ಹೋಗಿ ಸ್ನಾನ ಮಾಡ್ಕೊ."

ಎರಡನೇ ದಿನ ಗಾರೆ ಬೆಚ್ಚಗಾಯಿತು. ಅವಳು ಕಲ್ಲಿನಿಂದ ಉಜ್ಜಿ, ತೆಳ್ಳಗೆ ಒಂದು ಕೈ ಬಳಿದಳು. ಮಾತಾಡುವ ನವಿಲು ಬಂತು. "ದಪ್ಪಗೆ ಒಂದೇ ಸಲ ಬಳಿದು ಮಲಗಬಾರದೇ?"

"ಬಾಯಾರಿದ ಗೋಡೆ ಬಣ್ಣವನ್ನು ಕಂಡಕಂಡಲ್ಲಿ ಕುಡಿದು ಮಚ್ಚೆ ಮಾಡುತ್ತೆ. ಮೊದಲು ಅದರ ದಾಹ ತೀರಲಿ."

ಮೂರನೇ ದಿನ ಮೂಲೆಯಿಂದ ಮೂಲೆಗೆ, ಅಂಚು ಒಣಗುವ ಮುಂಚೆ ಮುಂದಿನ ಪಟ್ಟಿ ಕೂಡಿಸುತ್ತ, ನಿಲ್ಲದೆ ಬಳಿದಳು. ಗೋಡೆ ಒಣಗಿ ಬೆಳ್ಳಗಾಯಿತು, ನಿದ್ದೆ ಬಂದ ಹಾಲಿನಂತೆ. ಆಗ ಒಳಗಿಂದ ಅಪ್ಪನ ದನಿ ಕೇಳಿತು.

"ಮಗಳೇ, ಅಲ್ಲಿ ಎಳ್ಳುಕಾಳಿನಷ್ಟು ಬಿಟ್ಟುಹೋಗಿದೆ. ಬೆರಳಲ್ಲಿ ಒಂಚೂರು ಒತ್ತು, ಸಾಕು."

ಸಣ್ಣೀರಿ ಬೆರಳು ಚಾಚಿದಳು. ಅಲ್ಲೇ ನಿಲ್ಲಿಸಿದಳು.

"ಒಣಗಿದ ಗೋಡೆಗೆ ಬೆರಳು ಒತ್ತಿದರೆ ಅದೇ ಮಚ್ಚೆ. ನಮ್ಮಪ್ಪ ಎಳ್ಳುಕಾಳಿಗೂ ಇಡೀ ಗೋಡೆ ಮತ್ತೆ ಬಳಿಯೋನು. ಅಷ್ಟೊತ್ತಿಗೆ ಅಮ್ಮ ಬಡಿಸಿದ ಮುದ್ದೆ ಆರಿ ಕಲ್ಲಾಗೋದು. ನೀನು ಅವನಲ್ಲ ಬಿಡು."

ಸೂರ್ಯ ಬೆಟ್ಟದ ತಲೆ ಮೇಲೆ ಕೂತಿದ್ದ. ಅವಳು ಉಳಿದ ಬಣ್ಣಕ್ಕೆ ನೀರು ಬೆರೆಸಿ, ಮತ್ತೆ ಮೂಲೆಯಿಂದ ಶುರುಮಾಡಿದಳು. ಆ ಕೈಯ ಚಂದ ನೋಡುತ್ತ ಸೂರ್ಯ ಒಂದು ಎಲೆಯಡಿಕೆ ಮೆಲ್ಲುವಷ್ಟು ಹೊತ್ತು ಮುಳುಗುವುದನ್ನೇ ಮರೆತ.

ಎಳ್ಳುಕಾಳಿನಷ್ಟು ಬಿಟ್ಟುಹೋಗಿದ್ದ ಜಾಗವೂ ಮುಚ್ಚಿತು. ನಿಲ್ಲಲು ಜಾಗವಿಲ್ಲದ ಮಚ್ಚೆರಾಯ ಸುಣ್ಣದ ಪುಡಿಯಾಗಿ ಉದುರಿದ. ಸಣ್ಣೀರಿ ಅವನನ್ನು ಗುಡಿಸಿ ಹೊರಗೆ ಹಾಕಿದಳು. ಬಣ್ಣಗಾರರು ಆಕಳಿಸುತ್ತ ಗೋಡೆಯಿಂದ ಇಳಿದರು.

"ಆವತ್ತು ಕತ್ತಲಾಯ್ತು ಅಂತ ನಾನು ಬೆರಳು ಒತ್ತಿಬಿಟ್ಟೆ, ಅಲ್ಲೇ ಒಳಗೆ ಎಳ್ಕೊಂಡ ಕಣವ್ವ" ಎಂದ ಅಪ್ಪ, ತಲೆ ತಗ್ಗಿಸಿ.

"ಗೊತ್ತು. ನಡಿ."

ಹಾಲುಗಿರಿಯಲ್ಲಿ ಆಮೇಲೆ ಎಲ್ಲರೂ ಗೋಡೆಗೆ ಒರಗಿ ಹೆದರದೆ ನಿದ್ದೆ ಮಾಡಿದರು. ಅಪ್ಪ ಬಂದ ಆ ರಾತ್ರಿ ಸಣ್ಣೀರಿಯ ಮನೆಯಲ್ಲಿ ಮುದ್ದೆ ಬಿಸಿಯಾಗಿತ್ತು.