ಹೊಸ ನೀರು

“ಈ ನೀರು ಕುದಿಯಂಗಿಲ್ಲ, ಹಬೆ ಬರಂಗಿಲ್ಲ. ರೇಷ್ಮೆ ಅಂಟು ಅದ್ಹೆಂಗೆ ಬಿಡ್ತೈತೆ ಸಾರ್?”

ಸ್ಟೀಲ್ ತೊಟ್ಟಿಯ ಮೇಲೆ ಬಗ್ಗಿದ್ದ ಗೋವರ್ಧನ ತಲೆ ಎತ್ತಿದ. ಸೊಂಟದಲ್ಲಿ ಬಿಂದಿಗೆ ಇಟ್ಟುಕೊಂಡು ಕಾಂಚನಾ ನಗುತ್ತಿದ್ದಳು. ಚಳ್ಳಕೆರೆಯಿಂದ ಮಿಷನ್ ತಂದಿದ್ದ ಟೆಕ್ನಿಷಿಯನ್ ಕೈ ಒರೆಸಿಕೊಂಡ.

“ಕಿವಿಗೆ ಕೇಳದ ಸದ್ದು ಬಿಡ್ತೀವಿ ಕಣ್ರೀ. ನೀರೊಳಗೆ ಸಣ್ಣ ಗುಳ್ಳೆ ಹುಟ್ಟಿ ಒಡೀತಾವೆ. ಆ ಪೆಟ್ಟು ಬಿದ್ದು ಅಂಟು ಬಿಡ್ತೈತೆ.” ತೆಳ್ಳನೆಯ ಅಲ್ಯೂಮಿನಿಯಂ ಹಾಳೆ ತೋರಿಸಿದ. “ಪೆಟ್ಟು ಎಷ್ಟು ಜೋರು ಅಂತ ಅಳೆಯೋಕೆ ಇದನ್ನ ಮುಳುಗಿಸ್ತೀನಿ. ತೂತು ಜಾಸ್ತಿ ಬಿದ್ರೆ ಪಾಸು.”

“ಬೀಳದಿದ್ರೆ?”

“ಮಿಷನ್ನೂ ವಾಪಸ್ಸು, ನಾನೂ ವಾಪಸ್ಸು.”

ಅದು ಎರಡು ಸಾವಿರದ ಮೂರನೇ ಇಸವಿ. ಮೊಳಕಾಲ್ಮೂರಿನಲ್ಲಿ ರೇಷ್ಮೆಗೆ ಬಣ್ಣ ಹಾಕುವ ತಿಪ್ಪಯ್ಯನ ಅಂಗಳದಲ್ಲಿ ಹದಿನೈದು ದಿನದ ಪರೀಕ್ಷೆ. ಪಾಸಾದರೆ ಗೋವರ್ಧನನಿಗೆ ಇದೇ ಊರಲ್ಲಿ ಕೆಲಸ. ಮಗಳು ಕಾಂಚನಾಳ ಕಣ್ಣು ಎಲ್ಲಿ ಓಡುತ್ತಿದೆ ಎಂದು ತಿಪ್ಪಯ್ಯನಿಗೂ ಗೊತ್ತಿತ್ತು. “ಅವ್ನು ಇಲ್ಲೇ ನಿಂತ್ರೆ ಮಾತಾಡಾನ. ಇಲ್ಲಾಂದ್ರೆ ಪರಶುರಾಂಪುರದ ಗಂಡಿನೋರಿಗೆ ಮಾತು ಕೊಡ್ತೀನಿ,” ಎಂದಿದ್ದ.

ಸಂಜೆಯೇ ತೊಟ್ಟಿ ತುಂಬಿಸಿಡಿ ಎಂದಿದ್ದ ಗೋವರ್ಧನ, ಏಕೆಂದು ಹೇಳಿರಲಿಲ್ಲ. ಕಾಂಚನಾ ತುಂಬಿಸುತ್ತಿದ್ದಳು. ಆದರೆ ನಿನ್ನೆಯ ನೀರಿನಲ್ಲಿ ಕೆಲಸ ಶುರುಮಾಡುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಅವನು ಬರುವ ಮೊದಲೇ ಎದ್ದು, ಆ ನೀರು ಚೆಲ್ಲಿ, ತೊಟ್ಟಿ ತೊಳೆದು, ಬೋರಿನಿಂದ ಎಂಟು ಬಿಂದಿಗೆ ಹೊಸ ನೀರು ಹೊತ್ತು ತರುತ್ತಿದ್ದಳು. ಅವನಿಗಾಗಿ ಎಂಬ ಸಂತೋಷಕ್ಕೆ ಸೊಂಟದ ನೋವೂ ತಿಳಿಯುತ್ತಿರಲಿಲ್ಲ.

ಹಾಳೆಯಲ್ಲಿ ಮಾತ್ರ ದಿನಕ್ಕೆ ನಾಲ್ಕೈದು ತೂತು ಬಿದ್ದರೆ ಹೆಚ್ಚು. ಹದಿನೈದನೇ ದಿನ ಅವನು ಕಂಪನಿಗೆ ಫೇಲ್ ಎಂದು ಬರೆದು ಕಳಿಸಿದ. ಮಿಷನ್ನನ್ನು ಬೇರೆ ಊರಿಗೆ ಕೊಡುವುದೆಂದು ತೀರ್ಮಾನವಾಯಿತು; ಲಾರಿ ಬರುವುದಷ್ಟೇ ಬಾಕಿ. ಅದೇ ವಾರ ಪರಶುರಾಂಪುರದವರು ಬಂದು ತಾಂಬೂಲ ಬದಲಾಯಿಸಿಕೊಂಡು ಹೋದರು.

ಹಿಂದಿನ ಸಂಜೆ ಅಭ್ಯಾಸದಂತೆ ತೊಟ್ಟಿ ತುಂಬಿಸಿದ್ದ ಕಾಂಚನಾ, ಅವನು ಹೊರಡುವ ದಿನ ಬೆಳಿಗ್ಗೆ ಬಿಂದಿಗೆ ಮುಟ್ಟಲೇ ಇಲ್ಲ. ಗೋವರ್ಧನ ಸುಮ್ಮನೆ ಕೊನೆಯ ಬಾರಿ ಸ್ವಿಚ್ ಒತ್ತಿ ಹಾಳೆ ಮುಳುಗಿಸಿದ. ಎತ್ತಿದಾಗ ಅದು ಜರಡಿಯಾಗಿತ್ತು.

“ಈ ನೀರು ಯಾವಾಗಿಂದು?” ಎಂದ.

“ನಿನ್ನೆ ಸಂಜೇದು. ದಿನಾ ಬೆಳಿಗ್ಗೆ ಚೆಲ್ಲಿ ಹೊಸದು ತುಂಬ್ತಿದ್ದೆ. ಯಾಕೆ?”

ಅವನು ಹಾಳೆಯನ್ನು ಬೆಳಕಿಗೆ ಹಿಡಿದ. ಅವಳು ಬಿಡದೆ ಮತ್ತೆ ಕೇಳಿದಳು.

“ಹೊಸ ನೀರಲ್ಲಿ ಗಾಳಿ ಜಾಸ್ತಿ. ಗುಳ್ಳೆಯ ಪೆಟ್ಟು ಮೆತ್ತಗಾಗ್ತೈತೆ. ನಿಂತ ನೀರಲ್ಲಿ ಗಾಳಿ ಬಿಟ್ಟು ಹೋಗ್ತೈತೆ,” ಎಂದ ಕೊನೆಗೆ. “ತಪ್ಪು ನಂದು. ಬಿಡಿಸಿ ಹೇಳ್ಬೇಕಿತ್ತು.”

ಕಾಂಚನಾ ತೊಟ್ಟಿಯ ಅಂಚು ಹಿಡಿದುಕೊಂಡಳು. ಅತ್ತರೆ ಒಳಗಿದ್ದ ಅವ್ವನಿಗೆ ಕೇಳುತ್ತಿತ್ತು.

“ಬೇರೆ ಯಾರದ್ದಾದ್ರೂ ಕೆಲಸ ಆಗಿದ್ರೆ ಹಳೆ ನೀರೇ ಬಿಡ್ತಿದ್ದೆ,” ಎಂದಳು. “ನಿಮ್ಮದು ಅಂತ ಚೆಲ್ಲಿದೆ.”

ಗೋವರ್ಧನ ಹಾಳೆಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ. ಚಳ್ಳಕೆರೆ ಬಸ್ಸಿನ ಹೊತ್ತಾಗಿತ್ತು. “ಬರ್ತೀನಿ ಕಾಂಚನಾ,” ಎಂದ. ‘ರೀ’ ಎನ್ನದೆ ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೊಂದೇ ಸಲ.

ಮರುದಿನ ಬೆಳಿಗ್ಗೆ ಅವ್ವ ಕೂಗಿದಳು, “ಏನೇ, ಹಂಡೇಲಿ ಇನ್ನೂ ನಿನ್ನೆ ನೀರೇ ಐತಲ್ಲೇ?”

“ಇರ್ಲಿ ಬಿಡವ್ವ,” ಎಂದಳು ಕಾಂಚನಾ.