ಮನೆ ಸುತ್ತಿದ ವೈರು

ಲಕ್ಷ್ಮಿ ವಿಗ್ರಹದ ಕೊರಳಲ್ಲಿದ್ದ ಚಿನ್ನದ ಸರ ಮಾಯವಾಗಿತ್ತು. ಬೆಳಗ್ಗೆ ಹೂ ಏರಿಸಲು ದೇವರ ಮನೆಗೆ ಹೋದ ಯಶೋದಮ್ಮ ಕಿರುಚಿಕೊಂಡರು. ನಾವು ತಲುಪುವಷ್ಟರಲ್ಲಿ ಬೀದಿಯವರು ಕಳ್ಳನನ್ನೂ ಹಿಡಿದಿದ್ದರು. ಕೇಬಲ್ ಕೆಲಸದ ಅತೀಕ್. ತುಟಿ ಒಡೆದು ಜಗುಲಿಯಲ್ಲಿ ಕೂತಿದ್ದ. ಹಿಂದಿನ ದಿನ ಆ ಮನೆಗೆ ಬಂದ ಹೊರಗಿನವನು ಅವನೊಬ್ಬನೇ. ನಮ್ಮ ಮದ್ದೂರಿನ ಜನಕ್ಕೆ ಅಷ್ಟು ಸಾಕು, ಥೂ!

ನಾನು ಹೆಡ್ ಕಾನ್‌ಸ್ಟೇಬಲ್ ಸಿದ್ದರಾಮು. ಜೊತೆಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಅಮೃತ ಮೇಡಂ.

“ಸರ ಕೊನೇಲಿ ಯಾವಾಗ ನೋಡಿದ್ರಿ?”

“ನೆನ್ನೆ ಬೆಳಗ್ಗೆ ಪೂಜೇಲಿ ಇತ್ತು ಕಣಮ್ಮ. ಮಗಳ ಮದ್ವೆಗೆ ಅಂತ ಮಡಗಿದ್ದೆ,” ಎಂದು ಯಶೋದಮ್ಮ ಅತ್ತರು.

ಹಜಾರದಲ್ಲಿ ದೇವರ ಮನೆ ಬಾಗಿಲಿಗೆ ಮುಖ ಮಾಡಿದ ವೈಫೈ ಕ್ಯಾಮೆರಾ ಇತ್ತು. ಮೇಡಂ ಅದನ್ನೇ ನೋಡಿದರು.

“ಅದು ನೆನ್ನೆಯಿಂದ ಸತ್ತೋಗೈತೆ ಮೇಡಂ,” ಎಂದ ಮಗ ರಘುನಂದನ. “ಇವ್ನು ಮೋಡೆಮ್ಮನ್ನ ಹಜಾರದಿಂದ ನನ್ನ ರೂಮಿಗೆ ಹಾಕಿದ್ನಲ್ಲ, ಆವಾಗ್ಲಿಂದ. ಬೇಕಂತ್ಲೇ ಮಾಡವ್ನೆ.”

ಅತೀಕ್ ಬಾಯಿ ತೆರೆದ. “ಸುಮ್ಕಿರ್ಲಾ!” ಎಂದು ಯಾರೋ ಗದರಿದರು.

*

ಮೇಡಂ ವೈರಿನ ಬೆನ್ನು ಹತ್ತಿದರು. ಅದು ಹಜಾರದ ಕಿಟಕಿಯಿಂದ ಹೊರಬಿದ್ದು, ಪಕ್ಕದ ಗೋಡೆ ಹಿಡಿದು, ಬಚ್ಚಲು ದಾಟಿ, ಹಿತ್ತಲ ಕಿಟಕಿಯಿಂದ ರಘುವಿನ ರೂಮಿಗೆ ನುಗ್ಗಿತ್ತು. ಹಜಾರಕ್ಕೂ ಆ ರೂಮಿಗೂ ನಡುವೆ ಇದ್ದದ್ದು ದೇವರ ಮನೆ ಮಾತ್ರ.

“ನೇರ ಎಳೆಯೋದು ಬಿಟ್ಟು ಯಾಕಮ್ಮ ಇಷ್ಟು ಸುತ್ತು?”

“ದೇವ್ರ ಮನೆಗೆ ಅವ್ನ ಬುಡಕಾಯ್ತದಾ? ಹಜಾರದಲ್ಲಿ ಅವ್ನು ವೈರು ಬಿಚ್ಚೋಗಂಟ ನಾನೇ ಬಾಗ್ಲಿಗೆ ಅಡ್ಡ ಕುಂತಿದ್ದೆ. ಆಮೇಲೆ ಹಿತ್ಲಿಂದ ರೂಮಿಗೋಗಿ, ರಘು ಮುಂದೇನೇ ಕೆಲ್ಸ ಮಾಡಿ, ಅಂಗೇ ಒಂಟೋದ.”

“ಮತ್ತೆ ಸರ ಹೆಂಗೆ ಕದ್ದ?”



*

“ಕ್ಯಾಮೆರಾ ಕೆಲಸ ಮಾಡಲ್ಲ ಅಂತ ಗೊತ್ತಿತ್ತೇನಪ್ಪ?” ಮೇಡಂ ಅತೀಕನನ್ನು ಕೇಳಿದರು.

“ಗೊತ್ತಿತ್ತು ಮೇಡಂ. ಎರಡು ದಪ್ಪ ಗೋಡೆ ದಾಟಿ ಕ್ಯಾಮೆರಾಕ್ಕೆ ಸಿಗ್ನಲ್ ಸಿಕ್ಕಾಕಿಲ್ಲ, ಬೇರೆ ವೈರು ಎಳೀತೀನಿ ಅಂದೆ. ರಘಣ್ಣ, ಈಗ ಬ್ಯಾಡ ಬುಡು ಅಂದ್ರು.”

“ಸುಳ್ಳು!” ರಘು ಕೂಗಿದ.

“ಸಿದ್ದರಾಮು, ಇವರ ರೂಮು ನೋಡ್ರಿ.”

ನೋಡಿದೆ. ಅಟ್ಟದ ಮೇಲೆ ಮೋಡೆಮ್ಮಿನ ಹಳೇ ಡಬ್ಬ. ಒಳಗೆ ಲಕ್ಷ್ಮಿಯ ಸರ.

“ಮೋಡೆಮ್ ಎತ್ತಿಸಿದ್ದೇ ಕ್ಯಾಮೆರಾ ಕಣ್ಣು ಮುಚ್ಚಿಸೋಕೆ,” ಎಂದರು ಮೇಡಂ. “ಕಣ್ಣು ಮುಚ್ಚಿದ್ದು ಗೊತ್ತಿದ್ದವರು ಇಬ್ಬರೇ. ಒಬ್ಬನಿಗೆ ಆ ಬಾಗಿಲು ದಾಟೋ ಹಾಗಿಲ್ಲ. ಇನ್ನೊಬ್ಬ ರಾತ್ರಿ ಎದ್ದು ಆರಾಮಾಗಿ ದಾಟಿದ. ಬೆಳಗಾದ್ರೆ ತಪ್ಪು ಹೊರೋಕೆ ಅತೀಕ್ ಇದ್ನಲ್ಲ.”

“ಮದ್ವೆಯಾಗಿ ಓಗೋಳ್ಗೆ ಯಾಕೆ ಕೊಡ್ಬೇಕು? ಅದು ನಮ್ಮನೆ ಸರ!” ರಘು ಕಿರುಚಿದ. ಮೇಡಂ ಅವನನ್ನು ಜೀಪು ಹತ್ತಿಸಿದರು.

ಯಶೋದಮ್ಮ ಕಣ್ಣೊರೆಸಿಕೊಂಡು ಜಗುಲಿಗೆ ಬಂದರು. ತಪ್ಪಾಯ್ತು ಅನ್ನುತ್ತಾರೆ ಅಂದುಕೊಂಡೆ.

“ಅತೀಕ, ಆ ಮೋಡೆಮ್ಮನ್ನ ತಿರ್ಗಾ ಹಜಾರಕ್ಕೇ ಹಾಕ್ಬುಡಪ್ಪ. ಹಿತ್ಲಿಂದ ಬಾ.”

ಅತೀಕ್ ತುಟಿಯ ರಕ್ತ ಒರೆಸಿಕೊಂಡ.

“ನೀವು ದೇವ್ರ ಮನೆಗೆ ಸೇರಿಸ್ದೆ ಇದ್ದುದ್ಕೆ ಇವತ್ತು ಉಳ್ಕಂಡೆ ಕಣಮ್ಮ. ನಂಬಿ ಒಳಕ್ಕೆ ಬುಟ್ಟಿದ್ರೆ ನಂಗೆ ಜೈಲೇ ಗತಿಯಾಗ್ತಿತ್ತು.”

ಬ್ಯಾಗು ಹೆಗಲಿಗೇರಿಸಿ ಬೀದಿಗಿಳಿದ. ಹೊಡೆದವರೆಲ್ಲ ಆಗಲೇ ಮನೆ ಸೇರಿ ಬಾಗಿಲು ಹಾಕಿಕೊಂಡಿದ್ದರು.