ಹರವಿಯ ನೀರು

“ಮುಟ್ಟಬ್ಯಾಡ!”

ನೀರಿಗಿಳಿಯುತ್ತಿದ್ದ ನೀಲಗಂಗಾಳ ಕೈ ಗಕ್ಕನೆ ನಿಂತಿತು. ಗಂಡನೆಂಬ ಆ ಮನುಷ್ಯ ಅವಳೊಡನೆ ಆಡಿದ ಮೊದಲ ಮಾತು ಅದು!

ಗಾಜಿನ ಪೆಟ್ಟಿಗೆಯಲ್ಲಿ ಬಂಗಾರದ ಬಣ್ಣದ ಮೀನೊಂದು ಹೊಟ್ಟೆ ಮೇಲಾಗಿ ತೇಲುತ್ತಿತ್ತು. ಅಮೃತಪ್ಪ ಅವಳ ಕೈಯನ್ನು ಮೆಲ್ಲಗೆ ಸರಿಸಿದ. ಒದ್ದೆ ಬೆರಳುಗಳು ತಾಗಿದವು. ಅವಳತ್ತ ನೋಡದೆ, ಸತ್ತ ಮೀನನ್ನು ಬೊಗಸೆಯಲ್ಲಿ ಎತ್ತಿಕೊಂಡು ಹಿತ್ತಲಿಗೆ ಹೋದ.

ಹೊಸ ಹೆಂಡತಿಯ ಎದೆ ಝಲ್ಲೆನ್ನಬೇಕಿತ್ತು. ಝಲ್ಲೆನ್ನಲಿಲ್ಲ. ಮೊದಲ ಗಂಡ ಜ್ವರದಲ್ಲಿ ತೀರಿಕೊಂಡು, ಅವಳು ತವರೂರು ಹನ್ನೂರಿಗೆ ಮರಳಿದಂದಿನಿಂದ ಅವಳೊಳಗೆ ಯಾವುದೂ ಅಲುಗಾಡಿರಲಿಲ್ಲ.

ಈಗ ಉಡಿಕಿ ಆಗಿತ್ತು. ಗಂಡ ಸತ್ತವಳಿಗೆ ಹೊಸ ಸೀರೆ ಉಡಿಸಿ ಇನ್ನೊಂದು ಮನೆ ಸೇರಿಸುವ ಪದ್ಧತಿ. ವಾಲಗವಿಲ್ಲ, ಹಂದರವಿಲ್ಲ, ದೀಪ ಹಚ್ಚುವ ಹೊತ್ತಿಗೆ ಸದ್ದಿಲ್ಲದೆ ಕರೆತಂದರು. ಅದನ್ನು ಮದುವೆ ಎನ್ನಲು ಜನರಿಗೆ ನಾಲಿಗೆ ಹೊರಳುವುದಿಲ್ಲ... ಹೋಳಿಗೆಗೆ ಮಾತ್ರ ಚೆನ್ನಾಗಿಯೇ ಹೊರಳುತ್ತದೆ!

ಅಮೃತಪ್ಪ ಸೊಲ್ಲಾಪುರದ ಅರಿವೆ-ಬಟ್ಟೆಯ ವ್ಯಾಪಾರಿ. ಮನೆಯಲ್ಲಿ ಅವನನ್ನು ಸಾಕಿ ಬೆಳೆಸಿದ ಸೋದರತ್ತೆ ಸೋಮವ್ವ ಬಿಟ್ಟರೆ ಬೇರೆ ಯಾರೂ ಇಲ್ಲ. “ಲಿಂಗವಂತರ ಮನ್ಯಾಗ ಮೀನಾ?” ಎಂದು ಓಣಿಯೆಲ್ಲ ನಕ್ಕರೂ ಅವನು ಮುಂಬಯಿಯಿಂದ ಆ ಮೀನುಗಳನ್ನು ತಂದಿದ್ದ. ತಿಂಗಳುಗಟ್ಟಲೆ ಅವು ಸುಖವಾಗಿದ್ದವು.

ಇವಳು ಕಾಲಿಟ್ಟಳು... ಅವು ಸಾಯತೊಡಗಿದವು.

ಅಮೃತಪ್ಪ ಗಾಜು ಒರೆಸಿದ. ಪೆಟ್ಟಿಗೆಯನ್ನು ಬಿಸಿಲಿನಿಂದ ನೆರಳಿಗೆ ಸರಿಸಿದ. ಹಾಕುವ ತಿನಿಸು ಕಡಿಮೆ ಮಾಡಿದ. ಆದರೂ ಬೆಳಗ್ಗೆ ಸೋಮವ್ವ ಹೊಸ ನೀರು ಸುರಿಯುವಳು. ಮಧ್ಯಾಹ್ನಕ್ಕೆ ಇನ್ನೊಂದು ಮೀನು ತೇಲುವುದು.

ಒಂದು ಸಂಜೆ ಪಡಸಾಲೆಯಿಂದ ಅವನ ದನಿ ಕೇಳಿಸಿತು.

“ಅತ್ತಿ, ಖರೇ ಹೇಳು. ಆಕಿ ಬಂದ ದಿನದಿಂದನ ಸಾಯಾಕತ್ಯಾವಲ್ಲ?”

“ನಾ ಮತ್ತೇನ ಹೇಳಾಕತ್ತೀನಿ! ಆಕಿ ಕಾಲ್ಗುಣಾನ ಹಂಗೈತಿ...”

ನೀಲಗಂಗಾ ಮುಂದಿನದನ್ನು ಕೇಳಿಸಿಕೊಳ್ಳಲಿಲ್ಲ. ಒಳಗೆ ಹೋಗಿ ಸೀರೆಗಳನ್ನು ಗಂಟು ಕಟ್ಟಿದಳು. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ.

‘ನಾ ಬಂದ ಕಡೆ ಸಾವ ಬರತೈತಿ... ನಾಳೆ ಈ ಮನುಷ್ಯಾಗ ಏನರ ಆದ್ರ?’

ಆ ಒಂದು ವಿಚಾರ ಬಂದದ್ದೇ ಅವಳು ಗಂಟನ್ನು ಇನ್ನೂ ಬಿಗಿಯಾಗಿ ಕಟ್ಟಿದಳು.

ಬೆಳಗ್ಗೆ ಗಂಟು ಹಿಡಿದು ಹೊರಬಂದಾಗ ಅಮೃತಪ್ಪ ಪೆಟ್ಟಿಗೆಯ ಮುಂದೆ ಕುಳಿತಿದ್ದ. ಒಂದೇ ಒಂದು ಮೀನು ಉಳಿದಿತ್ತು. ಅದೂ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿತ್ತು.

“ಎಲ್ಲಿಗೆ?”

“ಹನ್ನೂರಿಗೆ ರೀ. ಇದೊಂದರ ಉಳೀಲಿ.”

“ನೀ ಹೋದ್ರ ಮೀನ ಉಳೀತೈತೇನು?”

“ನೀವು ಉಳೀತೀರಿ...”

ಅಮೃತಪ್ಪ ಎದ್ದು ಅವಳ ದಾರಿಗೆ ಅಡ್ಡ ನಿಂತ.

“ನಿನ್ನಿ ನನ್ನ ಮಾತು ಅರ್ಧಾ ಕೇಳಿ ಎದ್ದ ಹೋಗೀದಿ, ಹೌದಿಲ್ಲೋ? ನೀ ಬಂದ ದಿನ ಮನ್ಯಾಗ ಬ್ಯಾರೇ ಏನ ಬದಲಾತು ಅಂತ ಹುಡುಕಾಕತ್ತೀನಿ ನೀಲಾ. ಅಡಗಿಮನಿ ಸುದ್ದಿ ನನಗೇನ ಗೊತ್ತು? ನೀನಽ ನೋಡಿ ಹೇಳು.”

ನೀಲಾ! ಎಷ್ಟು ದಿನವಾಗಿತ್ತು, ಯಾರಾದರೂ ಅವಳನ್ನು ಹಾಗೆ ಕರೆದು...

ಅವಳು ಆ ಮನೆಯನ್ನು ಮೊದಲ ಬಾರಿಗೆ ಕಣ್ಣು ಬಿಟ್ಟು ನೋಡಿದಳು. ನೀರಿಡುವ ಮೂಲೆಯಲ್ಲಿ ತಾಮ್ರದ ಹಂಡೆ ಫಳಫಳ ಹೊಳೆಯುತ್ತಿತ್ತು. ಹಿತ್ತಲಲ್ಲಿ, ನೀರು ತುಂಬುವ ದೊಡ್ಡ ಮಣ್ಣಿನ ಹರವಿ ಬೋರಲು ಬಿದ್ದಿತ್ತು.

“ಅತ್ತಿ, ಆ ಹರವಿ ಯಾಕ ಹೊರಗ ಹಾಕೀರಿ?”

ಸೋಮವ್ವ ತಡವರಿಸಿದಳು. “ಅದು ಮಣ್ಣಿಂದಲ್ಲೇನಽ... ಉಡಿಕಿ ಆದಾಕಿ ಮುಟ್ಟಿದ್ರ ತೊಳದ್ರೂ ಮೈಲಿಗಿ ಹೋಗಂಗಿಲ್ಲ. ತಾಮ್ರಾ ಆದ್ರ ಹುಣಸಿಹಣ್ಣ ಹಚ್ಚಿ ತಿಕ್ಕಿದ್ರ ಮುಗೀತು. ಅದಕ್ಕಽ ನೀ ಬಂದ ದಿನಾನ ಹಂಡೆ ಇಟ್ಟೆ...”

ನೀಲಗಂಗಾ ಹಂಡೆಯೊಳಗೆ ಬಗ್ಗಿ ನೋಡಿದಳು. ಅಂಚಿನಲ್ಲಿ ಹುಣಸೆಯ ಪಸೆ ಹಾಗೇ ಉಳಿದಿತ್ತು. ಅದರ ಕೆಳಗೆ ಹಸಿರು ಕಿಲುಬು.

“ತಿಕ್ಕಿ ರಾತ್ರಿಯೆಲ್ಲಾ ಇದರಾಗ ನೀರ ಇಟ್ಟು ಮುಂಜಾನೆ ಮೀನಕ್ಕ ಹಾಕತೀರೇನ್ರಿ? ನಮ್ಮವ್ವ ತಾಮ್ರದಾಗ ಮಜ್ಜಗಿ ಸುದ್ದಾ ಇಡತಿದ್ದಿಲ್ಲ. ಹುಳಿ ಸೋಕಿದ್ರ ಕಿಲಬ ಬಿಡತೈತಿ. ಇಷ್ಟೀಟ ಜೀವಕ್ಕ ಅದಽ ವಿಷ...”

ಅವಳ ಸೋಂಕು ತಾಗದಿರಲೆಂದು ಮಾಡಿದ ಮಡಿಯೇ ಮೀನುಗಳನ್ನು ಕೊಂದಿತ್ತು! ಸೋಮವ್ವ ಸೆರಗನ್ನು ಬಾಯಿಗೊತ್ತಿಕೊಂಡು ಅಲ್ಲೇ ಕುಳಿತುಬಿಟ್ಟಳು.

ಅಮೃತಪ್ಪ ಹರವಿಯನ್ನು ತಂದು ಹೆಂಡತಿಯ ಮುಂದಿಟ್ಟ.

“ನೀನಽ ತುಂಬು. ನಿನ್ನ ಕೈಯಿಂದ.”

“ಬ್ಯಾಡ್ರಿ... ಇದೂ ಸತ್ರ?”

“ಸತ್ರ ಇಬ್ಬರೂ ಕೂಡಿ ಮಣ್ಣ ಮಾಡೂಣು.”

ಇಬ್ಬರೂ ಕೂಡಿ! ಅವಳು ಗಂಟನ್ನು ಕೆಳಗಿಟ್ಟಳು. ಬಾವಿಯಿಂದ ಸೇದಿ ಹರವಿ ತುಂಬಿದಳು. ಪೆಟ್ಟಿಗೆಯ ಹಳೆಯ ನೀರು ಚೆಲ್ಲಿ ಹೊಸ ನೀರು ಹಾಕಿದರು. ಮೀನು ದಿನವಿಡೀ ಒಂದು ಮಗ್ಗುಲಿಗೆ ವಾಲಿಕೊಂಡೇ ಇತ್ತು. ಅವನು ಅಂಗಡಿಗೆ ಹೋಗಲಿಲ್ಲ. ಅವಳು ಹನ್ನೂರಿಗೆ ಹೋಗಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಮೀನು ನೆಟ್ಟಗಾಯಿತು. ಬಾಲ ಆಡಿಸಿ ಒಂದು ಸುತ್ತು ಹಾಕಿತು.

“ನೀಲಾ, ನೋಡಿಲ್ಲಿ!”

ಹಿಂದಿನಿಂದ ಸೋಮವ್ವನ ದನಿ ಸಣ್ಣಗೆ ಬಂತು. “ನೀಲವ್ವಾ... ನನಗೂ ಒಂದ ತಂಬಿಗಿ ಆ ಹರವಿ ನೀರ ಕೊಡವಾ.”

ನೀಲಗಂಗಾ ಕೊಟ್ಟಳು. ಮುದುಕಿ ಒಂದು ಹನಿಯೂ ಬಿಡದೆ ಕುಡಿದು, ತಲೆ ತಗ್ಗಿಸಿಕೊಂಡು ಒಳಗೆ ಹೋದಳು.

ಪೆಟ್ಟಿಗೆಯ ಮುಂದೆ ಇಬ್ಬರೇ ಉಳಿದರು.

“ಅವತ್ತ ಮುಟ್ಟಬ್ಯಾಡ ಅಂದ್ರಿ...”

“ಬಂದ ಮರುದಿನಾನ ಮತ್ತೊಂದ ಸಾವು ನಿನ್ನ ಕೈಯಾಗ ಬ್ಯಾಡ ಅಂತ ಅಂದೆ.”

ಅವಳು ತಲೆಯೆತ್ತಿದಳು. ಅಮೃತಪ್ಪ ಮೀನನ್ನೇ ನೋಡುತ್ತ ಹೇಳಿದ.

“ನಿಮ್ಮ ತಂಗಿ ಲಗ್ನದ ಅರಿವಿ ಕೊಡಾಕ ಹನ್ನೂರಿಗೆ ಬಂದಿದ್ದೆ. ನಿನ್ನ ಯಾರೂ ಹಂದರದಾಗ ಕರದಿದ್ದಿಲ್ಲ. ಬಾವಿ ಕಟ್ಟಿ ಮ್ಯಾಲೆ ಒಬ್ಬಾಕೀನ ಕುಂತು ಮೀನಕ್ಕ ಚುರಮರಿ ಹಾಕಿ, ನಿನಗಽ ತಿಳೀದಂಗ ನಗಾಕತ್ತಿದ್ದಿ.”

“ಅದಕ್ಕ...?”

“ಅದಕ್ಕಽ ನಿನ್ನ ಕೇಳಿ ತಂದೆ. ಅದಕ್ಕಽ ಮೀನಾನೂ ತಂದೆ. ಆ ನಗಿ ಈ ಮನ್ಯಾಗೂ ಬರಲಿ ಅಂತ.”

ನೀಲಗಂಗಾಳ ಕೆನ್ನೆಯ ಮೇಲೆ ಏನೋ ಬಿಸಿಯಾಗಿ ಇಳಿಯಿತು. ಮುಟ್ಟಿ ನೋಡಿಕೊಂಡಳು.

ಅವನು ಗಾಬರಿಯಾದ. “ಅಯ್ಯ... ನಗಿ ತರಾಕ ಹೋದ್ರ ಅಳು ಬಂತಲ್ಲ!”

“ಬರಲಿ ಬಿಡ್ರಿ...” ಅವಳು ಅವನ ಒದ್ದೆ ಕೈಯನ್ನು ಹಿಡಿದುಕೊಂಡಳು. “ಭಾಳ ದಿನದ ಮ್ಯಾಲೆ ಬಂದೈತಿ.”